ಸಾವಯವಕ್ಕೆ ಬರೋರು ಮೊದ್ಲು ಬದು ನೋಡಿ, ತಿಪ್ಪೆ ನೋಡಿ, ಸರ್ಟಿಫಿಕೇಟ್ ಆಮೇಲೆ

ಹೊಸದಾಗಿ ಸಾವಯವ ಮಾಡ್ಬೇಕು ಅಂತ ಬರೋ ಹುಡುಗ್ರು ಎಲ್ರೂ ಮೊದ್ಲು ಕೇಳೋದು ಒಂದೇ ಮಾತು, "ಅಣ್ಣ, ಸರ್ಟಿಫಿಕೇಟ್ ಎಲ್ಲಿ ಸಿಗುತ್ತೆ, ಎಷ್ಟು ದುಡ್ಡಾಗುತ್ತೆ" ಅಂತ. ಎಲ್ಲಿ ಸಿಗುತ್ತೆ ಅನ್ನೋದನ್ನ ಕೊನೇಲಿ ಹೇಳ್ತೀನಿ, ಆದ್ರೆ ಅದಕ್ಕಿಂತ ಮುಂಚೆ ಒಂದು ವಿಷ್ಯ ತಲೇಲಿ ಇಟ್ಕೊಳ್ಳಿ. ತಪಾಸಣೆಗೆ ಬರೋರು ಕೇಳೋ ಪ್ರಶ್ನೆ ಎಲ್ಲಾ ಸುತ್ತಿ ಬಳಸಿ ಬಂದು ನಿಲ್ಲೋದು ಒಂದೇ ಕಡೆ, ಈ ಹೊಲಕ್ಕೆ ಹೊರಗಿಂದ ಏನೇನು ಬಂತು? ಬೀಜ ಎಲ್ಲಿಂದ ಬಂತು, ಗೊಬ್ಬರ ಎಲ್ಲಿಂದ, ಹಸುಗೆ ಹಾಕೋ ಹಿಂಡಿ ಎಲ್ಲಿಂದ, ಪಕ್ಕದ ಹೊಲದ ಮಳೆ ನೀರು ಎಲ್ಲಿ ಹರಿಯುತ್ತೆ, ಕೊನೆಗೆ ರಾಗಿ ತುಂಬಿದ ಚೀಲ ಯಾವ್ದು. ಹೊರಗಿಂದ ಬರೋದು ಕಮ್ಮಿ ಆದಷ್ಟೂ ಸರ್ಟಿಫಿಕೇಟ್ ಕೆಲಸ ಸುಲಭ, ಖರ್ಚೂ ಕಮ್ಮಿ. ಇಷ್ಟು ತಿಳ್ಕೊಂಡ್ರೆ ಅರ್ಧ ಕೆಲಸ ಮುಗೀತು.

ನಂದು ಅರಸೀಕೆರೆ ಕಡೆ ಮೂರೂವರೆ ಎಕರೆ, ಎರಡೆಕರೆ ಖುಷ್ಕಿ ರಾಗಿ ಹೊಲ, ಉಳಿದಿದ್ದು ತೆಂಗು, ಎರಡು ಹಳ್ಳಿಕಾರ್ ಹಸು. ಹಾಗಾಗಿ ನಾನು ಬರೀತಿರೋದೆಲ್ಲ ಒಣಭೂಮಿ ಲೆಕ್ಕ, ಮಲೆನಾಡಿನ ಅಡಿಕೆ ಏಲಕ್ಕಿಯೋರು ತಮ್ಮ ಕಡೆಗೆ ತಕ್ಕ ಹಾಗೆ ಬದಲಾಯಿಸ್ಕೊಳ್ಳಿ.

ಮೊದ್ಲು ಬದು. ನೀವು ಒಂದು ಹನಿ ವಿಷ ಹಾಕ್ದೆ ಇದ್ರೂ ಪಕ್ಕದವರು ಕಳೆನಾಶಕ ಹೊಡೆದ್ರೆ ಗಾಳಿಗೆ ಅದು ನಿಮ್ಮ ಅಂಚಿನ ಸಾಲಿಗೆ ಬಂದೇ ಬರುತ್ತೆ. ಪಕ್ಕದವರ ಹತ್ರ ಜಗಳ ಆಡಿದ್ರೆ ಪ್ರಯೋಜನ ಇಲ್ಲ, ಅವರ ಹೊಲ ಅವರಿಷ್ಟ. ಹೋಗಿ ಕೂತು ಮಾತಾಡಿ, "ಹೊಡೆಯೋ ದಿನ ಒಂದು ಫೋನ್ ಮಾಡಪ್ಪ, ಗಾಳಿ ಇಲ್ದಿರೋ ಬೆಳಗಿನ ಹೊತ್ತು ಹೊಡಿ" ಅಂದ್ರೆ ಬಹಳ ಜನ ಒಪ್ತಾರೆ. ಬದಿನ ಮೇಲೆ ಗ್ಲಿರಿಸಿಡಿಯಾ ಒತ್ತಾಗಿ ನೆಡಿ, ಬೇಲಿನೂ ಆಯ್ತು ಸೊಪ್ಪಿನ ಗೊಬ್ಬರನೂ ಆಯ್ತು, ಒಂದು ಮಳೆಗಾಲಕ್ಕೆ ಆಳೆತ್ತರ ಬರುತ್ತೆ. ಮೇಲಿನ ಹೊಲದ ನೀರು ಒಳಗೆ ನುಗ್ಗದ ಹಾಗೆ ಬದಿನ ಆಚೆ ಒಂದು ಕಾಲುವೆ ತೋಡಿ. ಅಂಚಿನ ಒಂದಷ್ಟು ಸಾಲು ಬಿಟ್ಬಿಡಿ, ಅದರ ಫಸಲು ಬೇರೆ ಕುಯ್ದು ಬೇರೆ ಮಾರಿ, ಸಾವಯವ ರಾಶಿಗೆ ಸೇರಿಸ್ಬೇಡಿ. ಇನ್ನೊಂದು, ಸ್ಪ್ರೇಯರ್ ಯಾರ ಹತ್ರನೂ ಎರವಲು ತರ್ಬೇಡಿ. ಕಳೆನಾಶಕ ಹೊಡೆದ ಕ್ಯಾನು ನಾಲ್ಕು ಸಲ ತೊಳೆದ್ರೂ ಪೈಪಲ್ಲಿ ನಾಝಲಲ್ಲಿ ಉಳ್ಕೊಂಡಿರುತ್ತೆ, ಅದರಲ್ಲಿ ಗಂಜಲ ಹೊಡೆದು ಅವರೆ ಗಿಡ ಸುಟ್ಕೊಂಡೋರನ್ನ ನಾನೇ ನೋಡಿದೀನಿ.

ಇನ್ನು ಬೀಜ. ಇಲ್ಲಿ ನಾನೇ ಒಂದು ಸಲ ಏಟು ತಿಂದಿದೀನಿ. ಎರಡನೇ ವರ್ಷ ಮನೆ ತೊಗರಿ ಬೀಜಕ್ಕೆ ಹುಳ ಬಿದ್ದು ಹಾಳಾಯ್ತು, ಅರ್ಜೆಂಟಿಗೆ ಅಂಗಡಿಯಿಂದ ಪ್ಯಾಕೆಟ್ ತಂದೆ, ಬಿಚ್ಚಿದ್ರೆ ಬೀಜಕ್ಕೆಲ್ಲ ಗುಲಾಬಿ ಬಣ್ಣದ ಪುಡಿ ಅಂಟಿತ್ತು. ಅದು ಶಿಲೀಂಧ್ರನಾಶಕ. ಮಳೆ ಬಿದ್ದು ಹದ ಆಗಿತ್ತು, ಹದ ಹೋಗ್ಬಿಡುತ್ತೆ ಅನ್ನೋ ಭಯಕ್ಕೆ ತೊಳೆದು ಬಿತ್ತಿಬಿಟ್ಟೆ. ಒಟ್ಟಿಗೆ ಸರ್ಟಿಫಿಕೇಟ್ ಮಾಡಿಸೋ ನಮ್ಮ ರೈತರ ಗುಂಪಿನವರು ತಪಾಸಣೆಗೆ ಬಂದಾಗ ನಾನೇ ಹೇಳ್ದೆ, ಅವರು ಆ ಅರ್ಧ ಎಕರೆಯ ಪರಿವರ್ತನೆ ಲೆಕ್ಕ, ಅಂದ್ರೆ ರಾಸಾಯನಿಕ ಬಿಟ್ಟು ಸರ್ಟಿಫಿಕೇಟ್‌ಗೆ ಕಾಯೋ ವರ್ಷಗಳ ಲೆಕ್ಕ, ಮತ್ತೆ ಮೊದಲಿಂದ ಶುರು ಮಾಡಿದ್ರು. ಆವತ್ತಿಂದ ತೊಗರಿ ಅವರೆ ಬೀಜನ ಕೆಮ್ಮಣ್ಣು ಕಲಸಿ ಒಣಗಿಸಿ ಮಡಕೇಲಿ ಇಡ್ತೀನಿ, ಮೇಲೆ ಬೇವಿನ ಸೊಪ್ಪು, ನಮ್ಮಜ್ಜಿ ಮಾಡ್ತಿದ್ದ ಹಾಗೆನೇ. ಬೀಜ ತರಲೇಬೇಕು ಅಂತಾದ್ರೆ ಉಪಚಾರ ಮಾಡದ ಬೀಜ ಕೊಡಿ ಅಂತ ಕೇಳಿ ಬರೆಸ್ಕೊಂಡು ತನ್ನಿ, ಇಲ್ಲಾ ದೇಸಿ ಬೀಜ ಮೇಳಗಳಲ್ಲಿ ರೈತರಿಂದನೇ ತಗೊಳ್ಳಿ.

ರಾಗಿಗೆ ನಾನು ಜಿಪಿಯು 28 ಹಾಕೋದು, ಬೆಂಗಳೂರು ಕೃಷಿ ವಿವಿ ತಳಿ, ಬೆಂಕಿ ರೋಗ ತಡೆಯುತ್ತೆ. ಔಷಧಿ ಹೊಡೆಯೋ ಹಾಗಿಲ್ಲ ಅಂದ್ಮೇಲೆ ರೋಗ ತಡೆಯೋ ತಳಿ ಆರಿಸ್ಕೊಳ್ಳೋದೇ ಔಷಧಿ. ಕೂರಿಗೇಲಿ ಬಿತ್ತೋದಾದ್ರೆ ಎಕರೆಗೆ 5 ಕೆಜಿ ಬೀಜ ಸಾಕು. ಬೀಜಾಮೃತದಲ್ಲಿ ಅದ್ದಿ ನೆರಳಲ್ಲಿ ಆರಿಸಿ ಬಿತ್ತಿ. 20 ಲೀಟರ್ ನೀರಿಗೆ 5 ಕೆಜಿ ಸಗಣಿ, 5 ಲೀಟರ್ ಗಂಜಲ, 50 ಗ್ರಾಂ ಸುಣ್ಣ, ಒಂದು ಹಿಡಿ ಮಣ್ಣು, ಇಷ್ಟು 100 ಕೆಜಿ ಬೀಜಕ್ಕೆ ಬರುತ್ತೆ, ನಿಮ್ಮ ಬೀಜಕ್ಕೆ ಬೇಕಾದಷ್ಟು ಮಾತ್ರ ಕಲಸ್ಕೊಳ್ಳಿ. ರಾಗಿ ಒಂದನ್ನೇ ಬಿತ್ಬೇಡಿ, ದಯವಿಟ್ಟು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಇಲ್ಲಾ ಒಂದು ಸಾಲು ಅವರೆ, ಅಲ್ಲಲ್ಲಿ ಹುಚ್ಚೆಳ್ಳು, ಸುತ್ತ ಹರಳು. ಈ ಅಕ್ಕಡಿ ಸಾಲು ನಮ್ಮ ಹಿರೀಕರು ಮನೆಗೆ ಬೇಳೆ ಕಾಳು ಬೇಕು ಅಂತ ಮಾತ್ರ ಹಾಕ್ತಿರ್ಲಿಲ್ಲ, ತೊಗರಿ ಬೇರಿನ ಗಂಟು ಸಾರಜನಕ ಕೊಡುತ್ತೆ, ಉದುರಿದ ಎಲೆ ಮಣ್ಣಿಗೆ ಹೋಗುತ್ತೆ, ಹುಚ್ಚೆಳ್ಳು ಹೂವಿಗೆ ಜೇನು ಬರುತ್ತೆ, ಮಳೆ ಕೈ ಕೊಟ್ಟು ರಾಗಿ ಹೋದ್ರೂ ತೊಗರಿ ಉಳಿಯುತ್ತೆ. ಬೇಸಿಗೆ ಮಳೆ ಚೆನ್ನಾಗಿ ಬಿದ್ದ ವರ್ಷ ಹಸಿರೆಲೆ ಗೊಬ್ಬರಕ್ಕೆ ಅಂತ ಅಪ್ಸೆಣಬೋ ಡಯಂಚನೋ ಬೀಜ ಎರಚಿ, ಹೂ ಬಿಡೋ ಮುಂಚೆ ಸುಮಾರು 45 ದಿನಕ್ಕೆ ಉಳುಮೆ ಮಾಡಿ ಮಣ್ಣಿಗೆ ಸೇರಿಸಿ. ತೊಗರಿಗೆ ಕಾಯಿಕೊರಕ ಬಂದ್ರೆ ಗಿಡದ ಕೆಳಗೆ ಹಳೇ ಸೀರೆ ಹಾಸಿ ಗಿಡ ಅಲ್ಲಾಡಿಸಿ, ಹುಳ ಉದುರುತ್ತೆ, ಕೋಳಿಗೆ ಹಾಕಿ. ಜೊತೆಗೆ ಬೇವಿನ ಬೀಜದ ಕಷಾಯ, 5 ಕೆಜಿ ಬೀಜ ಕುಟ್ಟಿ ರಾತ್ರಿ ನೆನೆಸಿ ಸೋಸಿ 100 ಲೀಟರ್ ಮಾಡ್ಕೊಂಡು ಸಂಜೆ ಹೊತ್ತು ಹೊಡೀರಿ, ಬಿಸಿಲಲ್ಲಿ ಹೊಡೆದ್ರೆ ಅದರ ಶಕ್ತಿ ಬೇಗ ಹೋಗ್ಬಿಡುತ್ತೆ.

ಈಗ ಹಸು ವಿಷಯ, ನನ್ ಪ್ರಕಾರ ಇದೇ ಮುಖ್ಯ. ಹಸು ಇಲ್ದೆ ಸಾವಯವ ಮಾಡೋರು ಗೊಬ್ಬರ ಕೊಂಡೇ ಮುಗೀತಾರೆ, ಕೊಂಡ ಗೊಬ್ಬರ ಅಂದ್ರೆ ಮತ್ತೆ ಹೊರಗಿಂದ ಬಂದಿದ್ದು. ಟ್ರ್ಯಾಕ್ಟರ್ ಲೋಡ್ ಲೆಕ್ಕದಲ್ಲಿ ತರಿಸೋ ಸಗಣಿ ಜೊತೆ ಪಾರ್ಥೇನಿಯಂ ಬೀಜ ಬರುತ್ತೆ, ದೊಡ್ಡ ದೊಡ್ಡ ಕೋಳಿ ಫಾರಂಗಳ ಗೊಬ್ಬರನ ಸಾವಯವ ನಿಯಮ ಒಪ್ಪೋದೇ ಇಲ್ಲ, ಸುಮಾರು ಜನಕ್ಕೆ ಇದು ಗೊತ್ತಿಲ್ದೆ ಹಾಕ್ಬಿಡ್ತಾರೆ. ದನ ಇಲ್ದೋರು ಬೇಸಿಗೇಲಿ ಕುರಿಯವರನ್ನ ಕರೆದು ನಾಲ್ಕು ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸ್ಕೊಳ್ಳಿ, ಹಿಕ್ಕೆ ಗಂಜಲ ಎರಡೂ ನೇರವಾಗಿ ಮಣ್ಣಿಗೆ ಬೀಳುತ್ತೆ.

ಹಸುವಿನ ಹೊಟ್ಟೆಗೆ ಏನು ಹೋಗುತ್ತೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಹತ್ತಿ ಕಾಳಿನ ಹಿಂಡಿ ತಗೊಳ್ಳಿ, ನಮ್ಮ ದೇಶದ ಹತ್ತಿ ಹೆಚ್ಚುಕಮ್ಮಿ ಎಲ್ಲಾ ಬಿಟಿ ಹತ್ತಿ, ಅಂದ್ರೆ ಜೀನ್ ಬದಲಾಯಿಸಿದ ಕುಲಾಂತರಿ ತಳಿ, ಕುಲಾಂತರಿ ಮೇವು ಸಾವಯವ ಪಶುಪಾಲನೇಲಿ ನಿಷೇಧ. ಹಾಲನ್ನ ಸಾವಯವ ಅಂತ ಮಾರೋ ಆಲೋಚನೆ ಇದ್ರೆ ಹತ್ತಿ ಹಿಂಡಿ ಇವತ್ತೇ ನಿಲ್ಲಿಸಿ, ನಮ್ ಕಡೆ ಕೊಬ್ಬರಿ ಹಿಂಡಿ ಸಿಗುತ್ತೆ, ನಿಮ್ಮ ಕಡೆ ಶೇಂಗಾ ಹಿಂಡಿ ಇರಬಹುದು, ಜೊತೆಗೆ ಅಗಸೆ ಸೊಪ್ಪು, ನಿಮ್ಮದೇ ರಾಗಿ ಹುಲ್ಲು. ಹಸುಗೆ ಜಂತಿನ ಔಷಧಿನೋ ಇಂಜೆಕ್ಷನ್ನೋ ಕೊಡಿಸಿದ್ರೆ ಕೆಲವು ದಿನ ಆ ಸಗಣಿನ ಜೀವಾಮೃತಕ್ಕೆ (ಸಗಣಿ, ಗಂಜಲ, ಬೆಲ್ಲ ಕಲಸಿ ಮಣ್ಣಿಗೆ ಹಾಕೋ ದ್ರವ, ಅಳತೆ ಮುಂದೆ ಇದೆ) ಬಳಸ್ಬೇಡಿ, ಕೆಲವು ಔಷಧಿ ಸಗಣೀಲೇ ಆಚೆ ಬಂದು ಸಗಣಿ ಹುಳಗಳನ್ನ ಸಾಯಿಸುತ್ತೆ. ಹಾಗಂತ ಹಸು ನರಳ್ತಾ ಇದ್ರೂ ಡಾಕ್ಟರನ್ನ ಕರೀದೆ ಕೂರ್ಬೇಡಿ, ಯಾವ ಸಾವಯವ ನಿಯಮನೂ ಹಾಗೆ ಹೇಳಲ್ಲ, ಔಷಧಿ ಕೊಡ್ಸಿ, ಬರೆದಿಡಿ, ಔಷಧಿ ಅಂಶ ಹಾಲಿಂದ ಹೋಗೋಕೆ ಕಾಯೋ ಅವಧಿ ಮುಗಿಯೋ ತನಕ ಹಾಲು ಬೇರೆ ಇಡಿ. ಕೆಚ್ಚಲು ಬಾವು ಆಗ್ತಾನೇ ಶುರುವಾಗಿದ್ರೆ ನಾನು ಮಾಡೋದು ಇದು, ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ಒಟ್ಟಿಗೆ ರುಬ್ಬಿದ್ರೆ ಕುಂಕುಮದ ಥರ ಕೆಂಪಗಾಗುತ್ತೆ, ಕೆಚ್ಚಲು ತೊಳೆದು ಹಾಲು ಪೂರ್ತಿ ಹಿಂಡಿ ತೆಗೆದು ಅದನ್ನ ನೀರು ಮಾಡ್ಕೊಂಡು ದಿನಕ್ಕೆ ಎಂಟತ್ತು ಸಲ ಹಚ್ಚೋದು, ಐದು ದಿನ ಬಿಡದೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರೂ ಇದನ್ನೇ ಹೇಳ್ಕೊಡ್ತಾರೆ. ಜ್ವರ ಬಂದು ಮೇವು ಬಿಟ್ರೆ ತಡ ಮಾಡ್ದೆ ಡಾಕ್ಟರ್‌ಗೆ ಫೋನ್ ಮಾಡಿ.

ಕೊಟ್ಟಿಗೆ ನೆಲ ಸ್ವಲ್ಪ ಇಳಿಜಾರು ಮಾಡಿ ಗಂಜಲ ಒಂದು ಗುಂಡಿಗೆ ಬರೋ ಹಾಗೆ ಮಾಡ್ಕೊಳ್ಳಿ, ನೆಲಕ್ಕೆ ಇಂಗೋ ಗಂಜಲ ಅಂದ್ರೆ ದುಡ್ಡು ಇಂಗಿದ ಹಾಗೆ. ತಿಪ್ಪೆ ಬಿಸಿಲಲ್ಲಿ ಗುಡ್ಡೆ ಹಾಕೋದು ಬಿಡಿ, ಮರದ ನೆರಳಲ್ಲಿ ಮೂರಡಿ ಗುಂಡಿ, ಕಸ ಒಂದು ಪದರ ಸಗಣಿ ಒಂದು ಪದರ, ಒದ್ದೆ ಇರ್ಬೇಕು, ಒಂದು ಸಲ ಮಗುಚಿ. ತೆಂಗು ಇರೋರು ಇನ್ನೊಂದು ಗಮನಿಸಿ, ಸುಳಿ ಕೊರೆಯೋ ರೈನೋಸರಸ್ ದುಂಬಿ ಹುಟ್ಟೋದೇ ತಿಪ್ಪೇಲಿ. ಮಗುಚುವಾಗ ಬೆರಳು ಗಾತ್ರದ ಬಿಳಿ ಗೊಬ್ಬರದ ಹುಳ ಮುದುರಿಕೊಂಡು ಬಿದ್ದಿರುತ್ತೆ, ಆರಿಸಿ ಕೋಳಿಗೆ ಹಾಕಿ, ಮೆಟಾರೈಜಿಯಂ ಅನ್ನೋ ಶಿಲೀಂಧ್ರದ ಪುಡಿ ಸಿಗುತ್ತೆ ಅದನ್ನ ತಿಪ್ಪೆಗೆ ಬೆರೆಸಿ.

ಜೀವಾಮೃತದ ಅಳತೆ ನೈಸರ್ಗಿಕ ಕೃಷಿ ಹೇಳ್ಕೊಡೋ ಸುಭಾಷ್ ಪಾಳೇಕರ್ ಹೇಳಿದ್ದು ಈಗ ಎಲ್ರಿಗೂ ಗೊತ್ತು, ಎಕರೆಗೆ 200 ಲೀಟರ್ ನೀರು, 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ನಾನು ಹುರುಳಿ ಹಿಟ್ಟು ಹಾಕ್ತೀನಿ, ಬೆಲ್ಲ ಕಪ್ಪು ಬೆಲ್ಲ, ಮಣ್ಣು ಹೊಂಗೆ ಮರದ ಬುಡದ್ದು. ಸುಮಾರು ಜನ ತಪ್ಪು ಮಾಡೋದು ಡ್ರಮ್ಮಿಗೆ ಮುಚ್ಚಳ ಬಿಗಿದು ಬಿಡೋದ್ರಲ್ಲಿ. ಗೋಣಿ ತಾಟು ಹೊದಿಸಿ ನೆರಳಲ್ಲಿಡಿ, ಬೆಳಿಗ್ಗೆ ಸಂಜೆ ಕೋಲಲ್ಲಿ ತಿರುಗಿಸಿ. ಎರಡು ದಿನಕ್ಕೆ ಹುಳಿ ಅಂಬಲಿ ಥರ ವಾಸನೆ ಬಂದು ಮೇಲೆ ನೊರೆ ಕಟ್ಟಿದ್ರೆ ಸರಿಯಾಗಿದೆ, ಮೂಗು ಮುಚ್ಕೊಳ್ಳೋ ಹಾಗೆ ಕೊಳೆತ ನಾತ ಬಂದ್ರೆ ತಿಪ್ಪೆಗೆ ಸುರಿದು ಹೊಸದು ಮಾಡಿ. ಒಂದು ವಾರದೊಳಗೆ ಬಳಸಿ. ಒಣ ಮಣ್ಣಿಗೆ ಮಟಮಟ ಮಧ್ಯಾಹ್ನ ಸುರಿದ್ರೆ ಏನೂ ಬರಲ್ಲ, ಮಳೆ ಬಿದ್ದ ಮಾರನೇ ದಿನ ಹೊದಿಕೆ ಇರೋ ಮಣ್ಣಿಗೆ ಹಾಕಿ. ಜೀವಾಮೃತ ಒಂದನ್ನೇ ನಂಬ್ಕೊಂಡು ಕೊಟ್ಟಿಗೆ ಗೊಬ್ಬರ, ಸೊಪ್ಪು ಬಿಟ್ರೆ ಮೊದಲ ಎರಡು ಮೂರು ವರ್ಷ ಇಳುವರಿ ಇನ್ನೂ ಜಾಸ್ತಿ ಬೀಳುತ್ತೆ, ಹೇಗಿದ್ರೂ ಸ್ವಲ್ಪ ಬಿದ್ದೇ ಬೀಳುತ್ತೆ, ಅದಕ್ಕೆ ಮನೆಯವರನ್ನ ಮೊದಲೇ ತಯಾರು ಮಾಡಿ. ಶುರು ಮಾಡೋ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ, ಸಾವಯವ ಇಂಗಾಲ ಶೇ. 0.5ಕ್ಕಿಂತ ಕೆಳಗಿದ್ರೆ ಕಡಿಮೆ ಅಂತ ಲೆಕ್ಕ, ಎರಡು ವರ್ಷ ಬಿಟ್ಟು ಮತ್ತೆ ಮಾಡಿಸಿ ನೋಡಿ.

ಚೀಲದ ಮಾತು ಮರೀಬಾರ್ದು. ಯೂರಿಯಾ ಚೀಲ ತೊಳೆದು ರಾಗಿ ತುಂಬೋದು ನಮ್ಮೂರುಗಳಲ್ಲಿ ಮಾಮೂಲು, ತಪಾಸಣೆಯವರು ಅದನ್ನ ನೋಡಿದ್ರೆ ಇಡೀ ರಾಶಿನೇ ಅನುಮಾನಕ್ಕೆ ಬೀಳುತ್ತೆ. ಹೊಸ ಗೋಣಿ ಚೀಲ ತನ್ನಿ. ಕಾಳಿಗೆ ಹುಳದ ಮಾತ್ರೆ ಇಡೋದೂ ಬೇಡ, ಚೆನ್ನಾಗಿ ಬಿಸಿಲಿಗೆ ಒಣಗಿಸಿ.

ಸರಿ, ಕಾಗದ ಪತ್ರ. ದಾರಿ ಎರಡಿದೆ. ಒಂದು ಪಿಜಿಎಸ್ (ಪಾರ್ಟಿಸಿಪೇಟರಿ ಗ್ಯಾರಂಟಿ ಸಿಸ್ಟಮ್, ರೈತರೇ ಸೇರಿ ಖಾತ್ರಿ ಕೊಡೋದು), ಕೇಂದ್ರ ಕೃಷಿ ಇಲಾಖೆದು, 2011ರಿಂದ ಇದೆ. ಕನಿಷ್ಠ 5 ಜನ ರೈತರು ಗುಂಪು ಮಾಡ್ಕೊಂಡು ಪ್ರತಿಜ್ಞೆ ಮಾಡಿ ಒಬ್ಬರ ಹೊಲ ಇನ್ನೊಬ್ಬರು ತಪಾಸಣೆ ಮಾಡೋದು, ಗುಂಪಿನ ತೀರ್ಮಾನ ನೋಡಿ ಪ್ರಾದೇಶಿಕ ಪರಿಷತ್ತು ಒಪ್ಪಿಗೆ ಕೊಡುತ್ತೆ. ಪರಿವರ್ತನೆ ಅವಧೀಲಿ ಪಿಜಿಎಸ್ ಗ್ರೀನ್, ಮುಗಿದ್ಮೇಲೆ ಪಿಜಿಎಸ್ ಆರ್ಗ್ಯಾನಿಕ್. ಇನ್ನೊಂದು ಎನ್‌ಪಿಒಪಿ (ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ), 2001ರಿಂದ ಇದೆ, ಕೃಷಿ ರಫ್ತು ನೋಡೋ ಕೇಂದ್ರದ ಸಂಸ್ಥೆ ಅಪೇಡಾ ನೋಡ್ಕೊಳ್ಳುತ್ತೆ, ಹೊರಗಿನ ಸಂಸ್ಥೆಯವರು ಬಂದು ತಪಾಸಣೆ ಮಾಡ್ತಾರೆ, ನಮ್ಮ ರಾಜ್ಯದಲ್ಲಿ ಸರ್ಕಾರದ್ದೇ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆ ಬೆಂಗಳೂರಲ್ಲಿದೆ. ರಫ್ತು ಮಾಡ್ಬೇಕು ಅಂದ್ರೆ ಎನ್‌ಪಿಒಪಿನೇ ಬೇಕು, ಪಿಜಿಎಸ್ ನಮ್ಮ ದೇಶದೊಳಗೆ ಮಾತ್ರ. ರಾಗಿ ಥರ ವರ್ಷದ ಬೆಳೆಗೆ ಬಿತ್ತನೆಗೆ ಮುಂಚೆ 2 ವರ್ಷ, ತೆಂಗಿನಂಥ ಬಹುವಾರ್ಷಿಕಕ್ಕೆ ಕೊಯ್ಲಿಗೆ ಮುಂಚೆ 3 ವರ್ಷ ಪರಿವರ್ತನೆ. ಒಂದೇ ಬೆಳೆ ಅರ್ಧ ಹೊಲ ರಾಸಾಯನಿಕ ಅರ್ಧ ಸಾವಯವ ಮಾಡಿದ್ರೆ ಒಪ್ಪಲ್ಲ. ಸಣ್ಣ ರೈತ, ಊರಲ್ಲೇ ಬೆಂಗಳೂರಲ್ಲೇ ಮಾರೋನಾದ್ರೆ ಕಣ್ಣು ಮುಚ್ಕೊಂಡು ಪಿಜಿಎಸ್‌ಗೆ ಹೋಗಿ ಅಂತೀನಿ. ಪರಂಪರಾಗತ ಕೃಷಿ ವಿಕಾಸ ಯೋಜನೇಲಿ 20 ಹೆಕ್ಟೇರಿನ ಗುಂಪುಗಳಿಗೆ ಮೂರು ವರ್ಷ ಸಹಾಯಧನ ಇದೆ, ನಿಮ್ಮ ಹೋಬಳಿಗೆ ಬಂದಿದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಗುಂಪಿಗೆ ಜನ ಆರಿಸುವಾಗ ನೆಂಟರು ಸ್ನೇಹಿತರು ಅಂತ ನೋಡ್ಬೇಡಿ, ಒಬ್ಬ ಕದ್ದು ಯೂರಿಯಾ ಎರಚಿದ್ರೆ ಎಲ್ಲರ ಹೆಸರೂ ಹೋಗುತ್ತೆ.

ಎರಡರಲ್ಲೂ ಬೇಕಾಗಿರೋದು ಪುಸ್ತಕ. ಪಹಣಿ, ಆಧಾರ್, ಹೊಲದ ನಕ್ಷೆ ಜೊತೆಗೆ ದಿನಚರಿ. ನನ್ನ ಪುಸ್ತಕದ ಒಂದು ಸಾಲು ಹೀಗಿರುತ್ತೆ, "ಜುಲೈ 14, ಮೇಲಿನ ಹೊಲ, ರಾಗಿ ಜಿಪಿಯು 28, ಮನೆ ಬೀಜ, ಬೀಜಾಮೃತ ಹಾಕಿದೆ, ಕೊಟ್ಟಿಗೆ ಗೊಬ್ಬರ 4 ಗಾಡಿ, ಕೂಲಿ 3 ಆಳು." ಇಷ್ಟೇ. ಹತ್ತು ವರ್ಷದಿಂದ ಏನೂ ಹಾಕಿಲ್ಲ ಅಂತ ಬಾಯಲ್ಲಿ ಹೇಳಿದ್ರೆ ಯಾರೂ ಒಪ್ಪಲ್ಲ, ಬರೆದಿದ್ರೆ ಒಪ್ತಾರೆ. ನಮ್ಮನೇಲಿ ಬರೆಯೋದು ಮಗಳು, ದೀಪ ಹಚ್ಚೋ ಹೊತ್ತಿಗೆ ಪುಸ್ತಕ ಹಿಡ್ಕೊಂಡು "ಅಪ್ಪ ಇವತ್ತು ಏನ್ ಮಾಡ್ದೆ" ಅಂತ ಕೇಳ್ತಾಳೆ. ಹಿಂಡಿ ಚೀಟಿ, ಬೇವಿನ ಹಿಂಡಿ ಬಿಲ್ಲು ಎಲ್ಲಾ ಅದೇ ಪುಸ್ತಕಕ್ಕೆ ಪಿನ್ ಹೊಡೀತೀವಿ.

ಮಾರಾಟಕ್ಕೆ ಬಂದ್ರೆ, ಸರ್ಟಿಫಿಕೇಟ್ ಇಲ್ದೆ ಪ್ಯಾಕೆಟ್ ಮೇಲೆ ಸಾವಯವ ಅಂತ ಅಚ್ಚು ಹಾಕಿಸಿ ಅಂಗಡಿಗೆ ಕೊಡ್ಬೇಡಿ, ಆಹಾರ ಸುರಕ್ಷತೆ ನೋಡೋ ಕೇಂದ್ರದ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2017ರಲ್ಲಿ ಮಾಡಿದ ನಿಯಮ ಇದೆ, ಜೈವಿಕ್ ಭಾರತ್ ಗುರುತು ಅದರದ್ದೇ. ಗ್ರಾಹಕರಿಗೆ ನೇರವಾಗಿ ಕೊಡೋ ಸಣ್ಣ ರೈತರಿಗೆ ಅದರಲ್ಲಿ ವಿನಾಯಿತಿ ಇದೆ. ಹಾಗಾಗಿ ಪರಿವರ್ತನೆ ವರ್ಷಗಳಲ್ಲಿ ಹತ್ತು ಮನೆ ಹುಡುಕಿ, ಹೊಲಕ್ಕೆ ಕರೆದು ತೋರಿಸಿ, ರಾಗಿ ಹಿಟ್ಟು ತೊಗರಿ ಬೇಳೆ ಅವರಿಗೇ ಕೊಡಿ. ಆ ಹತ್ತು ಮನೆಯವರು ನನಗೆ ಮೊದಲ ವರ್ಷ ಸಿಕ್ಕೋರು, ಈಗ್ಲೂ ಸುಗ್ಗಿ ಮುಗಿದ ತಕ್ಷಣ ಅವರ ಚೀಲ ಮೊದ್ಲು ಕಟ್ಟಿಟ್ಟು ಆಮೇಲೆನೇ ಬೇರೆಯವರ ಫೋನ್ ಎತ್ತೋದು.