ಹಿತ್ತಲಿನ ಹುಳದ ಫೋಟೋ ಹಿಡಿಯಲು ಯಾವ ಲೆನ್ಸ್?

ಚಿಕ್ಕದನ್ನು ಹತ್ತಿರದಿಂದ ದೊಡ್ಡದಾಗಿ ಹಿಡಿಯುವ ಮ್ಯಾಕ್ರೋ ಲೆನ್ಸ್ ಕೊಳ್ಳುವವರು ‘ಎಷ್ಟು ದೊಡ್ಡದಾಗಿ ಕಾಣುತ್ತೆ?’ ಅಂತ ಕೇಳ್ತಾರೆ. ನಾನು ನೋಡುವುದು ಲೆನ್ಸಿನ ಮೂತಿಗೂ ಹುಳಕ್ಕೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಅನ್ನುವುದನ್ನು. 1:1 ಗಾತ್ರಕ್ಕೆ, ಅಂದರೆ ಹುಳ ಕ್ಯಾಮೆರಾದ ಸೆನ್ಸರಿನ ಮೇಲೆ ತನ್ನ ನಿಜ ಗಾತ್ರದಲ್ಲೇ ಮೂಡುವಷ್ಟು ಹತ್ತಿರಕ್ಕೆ ಹೋದಾಗ 60 ಎಂಎಂ ಮ್ಯಾಕ್ರೋದಲ್ಲಿ 10 ಸೆಂ.ಮೀ. ಕೂಡ ಉಳಿಯುವುದಿಲ್ಲ. 100 ಎಂಎಂ ಆದರೆ ಸುಮಾರು 14 ಸೆಂ.ಮೀ. ಹುಳ ಹಾರಿಹೋಗದೆ ಕೂರುವುದು, ನಿಮ್ಮ ನೆರಳು ಅದರ ಮೇಲೆ ಬೀಳದಿರುವುದು ಎರಡೂ ಆ ನಾಲ್ಕೈದು ಸೆಂಟಿಮೀಟರಿನಲ್ಲೇ ಇದೆ. ದುಡ್ಡಿದ್ದರೆ 90ರಿಂದ 105 ಎಂಎಂ ಒಳಗಿನದನ್ನೇ ತಗೊಳ್ಳಿ.

ಇಲ್ಲದಿದ್ದರೂ ಚಿಂತೆಯಿಲ್ಲ. ಬಳಿಯಲ್ಲಿ 55–250 ಥರದ ಝೂಮ್ ಇದ್ದರೆ ಅದರ ಮುಂದೆ ರೇನಾಕ್ಸ್ ಡಿಸಿಆರ್-250 ಅನ್ನುವ ಕ್ಲೋಸಪ್ ಲೆನ್ಸ್ ಸಿಕ್ಕಿಸಿ. ಅದು 8 ಡಯಾಪ್ಟರ್ (ಕನ್ನಡಕದ ‘ಪವರ್’ ಅಳೆಯುವ ಮಾನ) ಗಾಜು. ಝೂಮಿನ ಫೋಕಸ್ ಇನ್ಫಿನಿಟಿಯಲ್ಲಿಟ್ಟರೆ (ಅತಿ ದೂರಕ್ಕೆ) ಹುಳ ಸುಮಾರು 12 ಸೆಂ.ಮೀ. ದೂರದಲ್ಲಿರುತ್ತದೆ, ಝೂಮ್ 125 ಎಂಎಂನಲ್ಲಿ 1:1, 250ರಲ್ಲಿ ಅದರ ಎರಡರಷ್ಟು. ಬರೀ 50 ಎಂಎಂ ಇರುವವರಿಗೆ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂರಿಸುವ ಟೊಳ್ಳು ಕೊಳವೆ, ಎಕ್ಸ್‌ಟೆನ್ಷನ್ ಟ್ಯೂಬ್, ಸಾಕು. ಆದರೆ ಲೆನ್ಸಿಗೂ ಕ್ಯಾಮೆರಾಕ್ಕೂ ವಿದ್ಯುತ್ ಸಂಪರ್ಕ ಕೊಡುವಂಥದ್ದೇ ಇರಲಿ, ಇಲ್ಲವಾದರೆ ಈಗಿನ ಬಹುತೇಕ ಲೆನ್ಸುಗಳಲ್ಲಿ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಬದಲಿಸಲು ಬರುವುದಿಲ್ಲ.

ಮ್ಯಾಕ್ರೋ ಕಲಿಯಲು ನನಗೆ ತುಂಬ ಇಷ್ಟದ್ದು, ಹೊಟ್ಟೆಯ ಮೇಲೆ ನೀಲಿ ಪಟ್ಟಿಗಳಿರುವ ನೀಲಿಪಟ್ಟಿ ಜೇನು. ಹಗಲಿಡೀ ತುಳಸಿ ಹೂವಿನಿಂದ ಹೂವಿಗೆ ಜಿಗಿಯುತ್ತಲೇ ಇರುತ್ತದೆ, ಫೋಕಸ್ ಮಾಡಲು ಬಿಡುವುದೇ ಇಲ್ಲ. ಸಂಜೆಯಾದರೆ ಗಂಡುಗಳು ಒಣಕಡ್ಡಿಯನ್ನು ದವಡೆಯಲ್ಲಿ ಕಚ್ಚಿ, ಕಾಲು ಮಡಚಿ, ಸಾಲಾಗಿ ನಿದ್ದೆ ಹೋಗುತ್ತವೆ. ಆ ಕಡ್ಡಿ ಯಾವುದೆಂದು ಸಂಜೆಯೇ ಗುರುತಿಟ್ಟುಕೊಂಡು ಬಿಸಿಲೇರುವ ಮುಂಚೆ ಹೋಗಿ.

ಕ್ಯಾಮೆರಾವನ್ನು ಮ್ಯಾನ್ಯುವಲ್ ಮೋಡ್‌ಗೆ ಹಾಕಿ: ಅಪರ್ಚರ್ ಎಫ್/11, ಶಟರ್ 1/200 ಸೆಕೆಂಡ್, ಐಎಸ್ಒ (ಬೆಳಕಿನ ಸೂಕ್ಷ್ಮತೆ) 200, ಜೊತೆಗೆ ಫ್ಲ್ಯಾಶ್. 1:1ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಹೆಚ್ಚೆಂದರೆ ಒಂದು ಮಿಲಿಮೀಟರ್ ಆಸುಪಾಸು. ಹಾಗಾಗಿ ಆಟೋಫೋಕಸ್ ಬಿಟ್ಟು, ಮೊಣಕೈ ಎದೆಗೊತ್ತಿ, ಮೈಯನ್ನೇ ಕೂದಲೆಳೆಯಷ್ಟು ಹಿಂದೆಮುಂದೆ ಸರಿಸುತ್ತ ಕಣ್ಣು ಚೂಪಾದ ಕ್ಷಣಕ್ಕೆ ಕ್ಲಿಕ್ಕಿಸಿ. ಜೇನಿನ ಪಕ್ಕಕ್ಕೆ ನಿಂತು ಅದರ ಮೈಗೆ ಸಮಾನಾಂತರವಾಗಿ ಕ್ಯಾಮೆರಾ ಹಿಡಿದರೆ ಕಣ್ಣಿನಿಂದ ಹೊಟ್ಟೆಯ ತುದಿಯವರೆಗೂ ಆ ಒಂದು ಮಿಲಿಮೀಟರಿನ ಆಸುಪಾಸಲ್ಲೇ ಸಿಗುತ್ತದೆ.

ನೀಲಿ ಪಟ್ಟಿ ಲೋಹದಂತೆ ಹೊಳೆಯುತ್ತದೆ. ಬರಿಯ ಫ್ಲ್ಯಾಶ್ ಬಿದ್ದರೆ ಅಲ್ಲಿ ಬಿಳಿ ಚುಕ್ಕೆ ಉಳಿದು ಬಣ್ಣ ಸತ್ತುಹೋಗುತ್ತದೆ. ಫ್ಲ್ಯಾಶಿನ ಮುಂದೆ ಟ್ರೇಸಿಂಗ್ ಪೇಪರ್ ಅಗಲವಾಗಿ ಕಟ್ಟಿ, ಹುಳಕ್ಕೆ ಆದಷ್ಟು ಹತ್ತಿರ ತನ್ನಿ. ಲೆನ್ಸಿಗಿಂತ ಈ ಕಾಗದಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಹುಳ ಅಲುಗಾಡಬಾರದೆಂದು ಫ್ರಿಜ್ಜಿನಲ್ಲಿಟ್ಟು ತೆಗೆದು ಫೋಟೋ ಹಿಡಿಯುವವರಿದ್ದಾರೆ. ದಯವಿಟ್ಟು ಅದು ಬೇಡ. ಕಡ್ಡಿಯನ್ನೂ ಮುರಿಯಬೇಡಿ, ಮರುಸಂಜೆ ಅವು ಅದೇ ಕಡ್ಡಿಗೆ ಬರಬಹುದು.