ಹಾಸಿಗೆ ಒದ್ದೆಯಾಗುವುದಕ್ಕೆ ಡೆಸ್ಮೊಪ್ರೆಸಿನ್: ಮಾತ್ರೆಯಷ್ಟೇ ಮುಖ್ಯ ರಾತ್ರಿಯ ನೀರಿನ ಲೆಕ್ಕ

ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುವ ಮಕ್ಕಳಲ್ಲಿ ಕೆಲವರಿಗೆ, ರಾತ್ರಿ ಹೊತ್ತು ಮೂತ್ರದ ಪ್ರಮಾಣವನ್ನು ತಗ್ಗಿಸುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಸಾಕಷ್ಟು ಹೆಚ್ಚುವುದಿಲ್ಲ. ಅದೇ ಹಾರ್ಮೋನನ್ನು ಹೋಲುವಂತೆ ತಯಾರಿಸಿದ ಔಷಧವೇ ಡೆಸ್ಮೊಪ್ರೆಸಿನ್. ಇದು ಮೂತ್ರಪಿಂಡಗಳು ನೀರನ್ನು ದೇಹದೊಳಕ್ಕೆ ಹಿಂದೆ ಎಳೆದುಕೊಳ್ಳುವಂತೆ ಮಾಡುತ್ತದೆ. ಮಾತ್ರೆ ನುಂಗಿದ ಮೇಲೂ ಮಗು ನೀರು ಕುಡಿಯುತ್ತಲೇ ಇದ್ದರೆ ಆ ನೀರು ಹೊರಹೋಗಲು ದಾರಿಯಿಲ್ಲದೆ ರಕ್ತದ ಸೋಡಿಯಂ ಅಂಶವನ್ನು ತೆಳುವಾಗಿಸುತ್ತದೆ. ಈ ಔಷಧದ ನಿಜವಾದ ಅಪಾಯವಿರುವುದು ಇಲ್ಲಿಯೇ.

ಔಷಧ ಆರಂಭಿಸುವ ಮೊದಲು ಮಲಬದ್ಧತೆ, ಮೂತ್ರದ ಸೋಂಕು ಮತ್ತು ಸಕ್ಕರೆ ಕಾಯಿಲೆ ಇಲ್ಲವೆಂಬುದನ್ನು ವೈದ್ಯರು ಖಚಿತಪಡಿಸಿಕೊಳ್ಳಬೇಕು. ತಿಂಗಳುಗಟ್ಟಲೆ ಹಾಸಿಗೆ ಒಣಗಿಯೇ ಇದ್ದ ಮಗು ಇದ್ದಕ್ಕಿದ್ದಂತೆ ಮತ್ತೆ ಒದ್ದೆ ಮಾಡಿಕೊಳ್ಳತೊಡಗಿ, ಅದರ ಜೊತೆಗೆ ವಿಪರೀತ ಬಾಯಾರಿಕೆಯೂ ತೂಕ ಇಳಿಯುವುದೂ ಕಂಡುಬಂದರೆ, ಅದೇ ದಿನ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಐದು ವರ್ಷ ತುಂಬದ ಮಕ್ಕಳಿಗೆ ಹಾಸಿಗೆ ಒದ್ದೆಯಾಗುವ ಕಾರಣಕ್ಕೆ ಸಾಮಾನ್ಯವಾಗಿ ಈ ಔಷಧ ಕೊಡುವುದಿಲ್ಲ.

ಪ್ರಮಾಣದ ವಿಷಯದಲ್ಲಿ ಒಂದು ಗೊಂದಲಕ್ಕೆ ಆಸ್ಪದವಿದೆ. ನೀರಿನೊಂದಿಗೆ ನುಂಗುವ 0.2 ಮಿಲಿಗ್ರಾಂ, ಅಂದರೆ 200 ಮೈಕ್ರೋಗ್ರಾಂ ಮಾತ್ರೆಯೂ ನಾಲಿಗೆಯ ಕೆಳಗೆ ಕರಗುವ 120 ಮೈಕ್ರೋಗ್ರಾಂ ಮಾತ್ರೆಯೂ ಹೆಚ್ಚು ಕಡಿಮೆ ಒಂದೇ ಕೆಲಸ ಮಾಡುತ್ತವೆ. ಆದ್ದರಿಂದ ಔಷಧದಂಗಡಿಯಲ್ಲಿ ಒಂದು ಬಗೆ ಇಲ್ಲವೆಂದು ಇನ್ನೊಂದನ್ನು ಕೊಟ್ಟರೆ, ಅಂಕಿಗಳನ್ನು ಹೋಲಿಸಿ ನೀವೇ ಲೆಕ್ಕ ಹಾಕದೆ, ಚೀಟಿ ಬರೆದ ವೈದ್ಯರನ್ನು ಕೇಳಿ. ಹಾಸಿಗೆ ಒದ್ದೆಯಾಗುವುದಕ್ಕೆ ಮೂಗಿಗೆ ಸಿಂಪಡಿಸುವ ಡೆಸ್ಮೊಪ್ರೆಸಿನ್ ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿಯೇ ಎಚ್ಚರಿಸಿದೆ. ಬೇರೆ ಕಾಯಿಲೆಗೆಂದು ತಂದ ಸ್ಪ್ರೇ ಮನೆಯಲ್ಲಿದ್ದರೆ ಅದನ್ನು ಮಗುವಿಗೆ ಹಾಕಬೇಡಿ.

ಇನ್ನು ನೀರಿನ ಲೆಕ್ಕ. ಮಾತ್ರೆಗೆ ಒಂದು ಗಂಟೆ ಮೊದಲಿನಿಂದ, ಮಾತ್ರೆಯ ನಂತರ ಎಂಟು ಗಂಟೆಯವರೆಗೆ, ಬಾಯಾರಿದರೆ ಒಂದೆರಡು ಗುಟುಕು ಮಾತ್ರ ಕೊಡಬೇಕು. ನಮ್ಮ ಮಂಡ್ಯ, ಮೈಸೂರಿನ ಮನೆಗಳಲ್ಲಿ ಒಂಬತ್ತು ಗಂಟೆಗೆ ಮುದ್ದೆ ಸಾರು ಉಂಡು, ಮೇಲೆ ಮಜ್ಜಿಗೆ ಕುಡಿದು, ಮಲಗುವಾಗ ಒಂದು ಲೋಟ ಹಾಲು ಕುಡಿಯುವ ರೂಢಿ ಇದಕ್ಕೆ ನೇರವಾಗಿ ಅಡ್ಡ ಬರುತ್ತದೆ. ಒಂಬತ್ತಕ್ಕೆ ಮಾತ್ರೆ ಕೊಡುವುದಾದರೆ ಊಟ, ಮಜ್ಜಿಗೆ, ಹಾಲು ಎಲ್ಲವೂ ಎಂಟರೊಳಗೆ ಮುಗಿಯಲಿ. ಹಾಲು, ಸಾರು, ಎಳನೀರು, ಕಬ್ಬಿನ ಹಾಲು ಇವೆಲ್ಲವೂ ನೀರಿನ ಲೆಕ್ಕಕ್ಕೇ ಸೇರುತ್ತವೆಂಬುದನ್ನು ಅಜ್ಜಿ ತಾತಂದಿರಿಗೂ ತಿಳಿಸಿ ಹೇಳಬೇಕು. ಮೊಮ್ಮಗು ಬಾಯಾರಿ ಮಲಗಬಾರದೆಂಬ ಅಕ್ಕರೆಯಿಂದ ಅವರು ಕೊಡುವ ಆ ಒಂದು ಲೋಟ ಹಾಲೇ ಇಲ್ಲಿ ತೊಂದರೆಗೆ ಕಾರಣವಾಗಬಹುದು. ಆದರೆ ಹಗಲಿನಲ್ಲಿ ನೀರು ಕಡಿಮೆ ಮಾಡಬೇಡಿ, ಶಾಲೆಯಲ್ಲಿ ಚೆನ್ನಾಗಿ ಕುಡಿಯಲಿ. ದಸರಾ ವಸ್ತುಪ್ರದರ್ಶನ ಸುತ್ತಿ ಬಂದು ಮಗು ಹೊಟ್ಟೆ ತುಂಬ ನೀರು ಕುಡಿದಿದ್ದರೆ, ಅಥವಾ ಸಂಜೆ ಈಜುವಾಗ ನೀರು ನುಂಗಿದ್ದರೆ, ಆ ರಾತ್ರಿ ಮಾತ್ರೆ ಬಿಟ್ಟುಬಿಡುವುದೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ. ಒಂದು ರಾತ್ರಿ ಹಾಸಿಗೆ ಒದ್ದೆಯಾದರೆ ಬಟ್ಟೆ ಒಗೆದರೆ ಮುಗಿಯಿತು. ಬಿಟ್ಟ ಮಾತ್ರೆಯನ್ನು ಮಾರನೆಯ ದಿನ ಸೇರಿಸಿ ಎರಡಾಗಿ ಕೊಡಬಾರದು.

ಜ್ವರ, ವಾಂತಿ, ಭೇದಿ ಇರುವಾಗಲೂ ಮಾತ್ರೆ ನಿಲ್ಲಿಸಿ, ಮಗು ಚೇತರಿಸಿಕೊಂಡ ಮೇಲೆ ವೈದ್ಯರನ್ನು ಕೇಳಿ ಮುಂದುವರಿಸಿ. ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳು, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಖಿನ್ನತೆಯ ಕೆಲವು ಔಷಧಗಳು, ಭೇದಿ ನಿಲ್ಲಿಸುವ ಲೋಪೆರಮೈಡ್ ಇವು ಅಪಾಯವನ್ನು ಹೆಚ್ಚಿಸುವುದರಿಂದ, ಬೇರೆ ಯಾವ ಔಷಧ ಕೊಡುತ್ತಿದ್ದರೂ ಮೊದಲೇ ಹೇಳಿ.

ತಲೆನೋವು, ವಾಕರಿಕೆ, ವಾಂತಿ, ಇದ್ದಕ್ಕಿದ್ದಂತೆ ತೂಕ ಏರುವುದು, ಮಂಪರು, ತಬ್ಬಿಬ್ಬಾದ ಮಾತು, ಫಿಟ್ಸ್ ಇವು ಸೋಡಿಯಂ ಕುಸಿದಿರುವ ಲಕ್ಷಣಗಳಾಗಿರಬಹುದು. ಆಗ ಮಾತ್ರೆಯನ್ನೂ ನೀರನ್ನೂ ನಿಲ್ಲಿಸಿ, ಉಪ್ಪುನೀರಿನಂತಹ ಮನೆಮದ್ದಿಗೆ ಹೋಗದೆ, 108ಕ್ಕೆ ಕರೆ ಮಾಡಿ. ಮೈಸೂರಿನ ಚೆಲುವಾಂಬ ಆಸ್ಪತ್ರೆಯಾಗಲಿ, ಮಂಡ್ಯದ ಮಿಮ್ಸ್ ಆಗಲಿ, ಎಲ್ಲಿಗೆ ಹೋದರೂ ಮಾತ್ರೆಯ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಮಾತ್ರೆ ಕೊಟ್ಟ ಸಮಯವನ್ನು ಮೊದಲು ಹೇಳಿ.

ಇದೇ ಔಷಧವನ್ನು ಡಯಾಬಿಟಿಸ್ ಇನ್ಸಿಪಿಡಸ್ ಎಂಬ ಬಹುಮೂತ್ರದ ಕಾಯಿಲೆಗೂ ಕೊಡುತ್ತಾರೆ. ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ಮೆದುಳಿನಲ್ಲಿ ವ್ಯಾಸೊಪ್ರೆಸಿನ್ ಕೊರತೆಯಾದಾಗ ಇದು ಬರುತ್ತದೆ. ಅಂಥವರು ಹಗಲೂ ಮಾತ್ರೆ ತೆಗೆದುಕೊಳ್ಳಬೇಕಾಗುತ್ತದೆ, ಸಾಮಾನ್ಯವಾಗಿ ಬಾಯಾರಿಕೆಗೆ ತಕ್ಕಷ್ಟು ನೀರು ಕುಡಿಯಬೇಕಾಗುತ್ತದೆ. ವಾಂತಿ ಭೇದಿಯಾದಾಗಲೂ ಅವರು ತಾವಾಗಿ ಮಾತ್ರೆ ನಿಲ್ಲಿಸದೆ ತಕ್ಷಣ ವೈದ್ಯರನ್ನು ಸಂಪರ್ಕಿಸಬೇಕು. ವಯಸ್ಸಾದವರಿಗೆ ಔಷಧ ಆರಂಭಿಸಿದರೆ ಮೊದಲ ವಾರದಲ್ಲಿಯೇ ಸೋಡಿಯಂ ಪರೀಕ್ಷೆ ಅಗತ್ಯ.

ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ ಕನಿಷ್ಠ ಒಂದು ವಾರ ಮಾತ್ರೆ ನಿಲ್ಲಿಸಿ ನೋಡುವ ಕ್ರಮವಿದೆ. ಪರೀಕ್ಷೆಯಾಗಲಿ, ನೆಂಟರ ಮನೆಯ ಮದುವೆಯಾಗಲಿ ಇಲ್ಲದ ವಾರವನ್ನು ಆರಿಸಿಕೊಂಡು, ಯಾವ ರಾತ್ರಿ ಹಾಸಿಗೆ ಒಣಗಿತ್ತು, ಯಾವ ರಾತ್ರಿ ಒದ್ದೆಯಾಯಿತು ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿ, ಮುಂದಿನ ಭೇಟಿಯಲ್ಲಿ ಆ ಹಾಳೆಯನ್ನು ವೈದ್ಯರಿಗೆ ತೋರಿಸಿ.