ಕಾರವಾರದಲ್ಲಿ ಎರಡು ರಾತ್ರಿ, ನಾವಿಬ್ಬರೇ

ಮಗಳು ಹುಟ್ಟಿ ಒಂಬತ್ತು ವರ್ಷವಾಯಿತು. ಅಲ್ಲಿಂದ ಈಚೆಗೆ ನಾವಿಬ್ಬರೇ ಒಂದು ರಾತ್ರಿಯೂ ಹೊರಗೆ ಉಳಿದವರಲ್ಲ. ಮದುವೆಮನೆಗೆ ಹೋದರೂ ನಾಲ್ಕು ಜನ, ಡಾಕ್ಟರ ಹತ್ತಿರ ಹೋದರೂ ನಾಲ್ಕು ಜನ. 2024ರ ದೀಪಾವಳಿ ಮುಗಿದ ಮೇಲೆ ಒಂದು ರಾತ್ರಿ ಒಲೆಕಟ್ಟೆ ಒರೆಸುತ್ತ, ಇವತ್ತು ಇವರ ಹತ್ತಿರ ನಾನು ಎಂತೆಂತ ಮಾತಾಡಿದೆ ಎಂದು ನೆನಪು ಮಾಡಿಕೊಂಡೆ. ಗ್ಯಾಸ್ ಖಾಲಿಯಾದದ್ದು, ಮಗನ ಕೆಮ್ಮು, ಸೊಸೈಟಿ ಸಾಲದ ಕಂತು. ಅಷ್ಟೇ. ನಿಜಕ್ಕೂ ಹೆದರಿಕೆಯಾಯಿತು.

ನಮ್ಮದು ಶಿರಸಿಯಿಂದ ಎಂಟು ಕಿಲೋಮೀಟರ್ ದೂರದ ಹಳ್ಳಿ. ಎರಡೆಕರೆ ಅಡಿಕೆ ತೋಟ, ಎರಡು ಆಕಳು, ಅತ್ತೆ, ಮಕ್ಕಳು. ನಾನು ಪೇಟೆಯಲ್ಲಿ ಕೆಲಸಕ್ಕೆ ಹೋಗುತ್ತೇನೆ. ಇಂಥ ಮನೆಯಿಂದ ಗಂಡ-ಹೆಂಡತಿ ಇಬ್ಬರೂ ಒಟ್ಟಿಗೆ ಕಾಲು ತೆಗೆಯಬೇಕಾದರೆ ಎಷ್ಟು ತಯಾರಿ ಬೇಕು ಎಂಬುದು ಗೊತ್ತಿದ್ದವರಿಗೇ ಗೊತ್ತು. ಇದನ್ನೆಲ್ಲ ಬರೆಯುತ್ತಿರುವುದೂ ಅಂಥವರಿಗಾಗಿಯೇ.

ಮೊದಲು ಊರು ಆರಿಸಿದ್ದು ಹೇಳುತ್ತೇನೆ. ಕುಮಟೆಗೆ ಹೋದರೆ ಇವರ ಸೋದರತ್ತೆ ಮನೆ, ಹೊನ್ನಾವರದಲ್ಲಿ ನನ್ನ ಚಿಕ್ಕಮ್ಮ, ಯಲ್ಲಾಪುರದಲ್ಲಿ ಬೀಗರು. ಊರಿಗೆ ಬಂದೂ ಮನೆಗೆ ಬರಲಿಲ್ಲ ಎಂಬ ಮಾತು ವರ್ಷಗಟ್ಟಲೆ ಉಳಿಯುತ್ತದೆ. ಗೋಕರ್ಣವೆಂದರೆ ದೇವರು, ಪೂಜೆ, ಪುರೋಹಿತರ ಮನೆ. ಉತ್ತರ ಕನ್ನಡದಲ್ಲಿ ನಮಗೆ ಸಂಬಂಧಿಕರೇ ಇಲ್ಲದ ಊರು ಯಾವುದೆಂದು ಹುಡುಕಿದರೆ ಕಾರವಾರ ಒಂದೇ ಉಳಿಯಿತು. ಜಿಲ್ಲಾ ಕೇಂದ್ರವಾದ್ದರಿಂದ ಕಚೇರಿ ಕೆಲಸಕ್ಕೆ ಹೋಗಿ ಅದೇ ದಿನ ಮರಳಿದ್ದಿದೆ, ರಾತ್ರಿ ಉಳಿದದ್ದಿಲ್ಲ. ಗೋವಾವನ್ನೂ ಯೋಚಿಸಿದೆವು. ಆದರೆ ನಡುರಾತ್ರಿ ಮಗುವಿಗೆ ಜ್ವರ ಬಂತು ಎಂದರೆ ಬೆಳಗಾಗುವುದರೊಳಗೆ ಮನೆ ಮುಟ್ಟುವಷ್ಟು ಹತ್ತಿರ ಇದ್ದರೇ ನನ್ನ ಮನಸ್ಸು ನಿಲ್ಲುವುದು. ಅಷ್ಟು ಹತ್ತಿರ ಇದ್ದದ್ದರಿಂದಲೇ ಎರಡನೇ ದಿನ ನನಗೆ ಮನೆ ಮರೆತುಹೋಗಲು ಸಾಧ್ಯವಾಯಿತು.

ದಿನ ಆರಿಸಲು ಪಂಚಾಂಗ ತೆಗೆದೆವು. ಮುಹೂರ್ತಕ್ಕಲ್ಲ, ಹುಣ್ಣಿಮೆಗೆ. 2025ರ ಫೆಬ್ರುವರಿ 12, ಬುಧವಾರ, ಮಾಘ ಹುಣ್ಣಿಮೆ. ಅಷ್ಟರಲ್ಲಿ ನಮ್ಮ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ, ಮುಗಿದಿರುತ್ತದೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, 2024ರಲ್ಲಿ ಆಗಿತ್ತು, ಹಾಗಾಗಿ ನೆಂಟರ ಗದ್ದಲವೂ ಇಲ್ಲ. ವಾರದ ನಡುವೆ ಹೋಗುವುದರಿಂದ ಇನ್ನೊಂದು ಅನುಕೂಲ: ಹಗಲೆಲ್ಲ ಮಕ್ಕಳು ಶಾಲೆಯಲ್ಲಿ ಇರುತ್ತಾರೆ, ಅತ್ತೆಗೆ ಭಾರ ಕಡಿಮೆ.

ಅತ್ತೆಯನ್ನು ಕೇಳಲು ನನಗೆ ಹದಿನೈದು ದಿನ ಹಿಡಿಯಿತು. ಒಂದು ಮಧ್ಯಾಹ್ನ ಅಡಿಕೆ ಆರಿಸುತ್ತ ಕೂತಿದ್ದಾಗ ಹೇಳಿಬಿಟ್ಟೆ. ಅವರು ಕೈ ನಿಲ್ಲಿಸಲಿಲ್ಲ. "ನಿಂಗ ಹೋಗ್ಬನ್ನಿ. ಆನು ಇದ್ದಿ" ಅಂದರು. ಸ್ವಲ್ಪ ಹೊತ್ತಿನ ಮೇಲೆ, "ಯಂಗ ಇಬ್ರೇ ಯಲ್ಲಿಗೂ ಹೋಗಿದ್ದೇ ಇಲ್ಲೆ" ಅಂದರು, ತಾವೂ ಮಾವನೂ ಎಂಬರ್ಥದಲ್ಲಿ. ಮಾವ ತೀರಿಹೋಗಿ ಐದು ವರ್ಷವಾಯಿತು. ನನಗೆ ಮಾತು ಹೊರಡಲಿಲ್ಲ.

ಆಕಳು ಕರೆಯಲು ಪಕ್ಕದ ಮನೆಯವರು ಒಪ್ಪಿದರು, ಮುಯ್ಯಾಳಿನ ಲೆಕ್ಕದಲ್ಲಿ. ಅವರು ಮುಂದೆ ಎಲ್ಲಿಗಾದರೂ ಹೊರಟರೆ ಇವರು ಹೋಗಿ ಕರೆಯಬೇಕು. ಮಕ್ಕಳಿಗೆ ಸುಳ್ಳು ಹೇಳಿ ಕದ್ದು ಹೋಗಬಾರದೆಂದು ಮೊದಲೇ ನಿಶ್ಚಯಿಸಿದ್ದೆವು. ಹದಿನೈದು ದಿನ ಮೊದಲೇ ಹೇಳಿದೆವು, ಎರಡು ಶನಿವಾರ ಅಜ್ಜಿಯ ಹತ್ತಿರ ಮಲಗಿಸಿ ರೂಢಿ ಮಾಡಿಸಿದೆವು. ಮಗ ಒಂದೇ ಪ್ರಶ್ನೆ ಕೇಳಿದ: "ಆಯಿ, ನನ್ನ ಬಿಟ್ಟು ಸಮುದ್ರ ನೋಡ್ತ್ಯಾ?" ಹೌದು ಅಂದೆ. ಸುಳ್ಳು ಹೇಳುವುದಕ್ಕಿಂತ ಅದು ಕಷ್ಟವಾಯಿತು. ಆದರೂ ಸರಿಯೇ ಅನ್ನಿಸಿತು.

ಮಂಗಳವಾರ ಮಕ್ಕಳು ಶಾಲೆಗೆ ಹೊರಟ ಮೇಲೆ ನಾವೂ ಹೊರಟೆವು. ದೇವಿಮನೆ ಘಟ್ಟದ ರಸ್ತೆ ಕೆಲಸದಿಂದಾಗಿ ಯಲ್ಲಾಪುರದ ಮೇಲೆ, ಅರಬೈಲ್ ಘಟ್ಟ ಇಳಿದು ಅಂಕೋಲೆ ಹಿಡಿದೆವು. ಸುತ್ತು ದಾರಿ, ನಾಲ್ಕು ತಾಸು. ಘಟ್ಟದಲ್ಲಿ ಗಾಡಿ ನಿಲ್ಲಿಸಿ ಕಿತ್ತಳೆ ಸುಲಿದೆ. ಸುಲಿದು, ಸೊಳೆಯ ನಾರು ತೆಗೆದು, ಬೀಜ ಹಿಸುಕಿ, ಇವರ ಅಂಗೈಯಲ್ಲಿಟ್ಟೆ. ಇವರು ಆ ಸೊಳೆ ನೋಡಿದರು, ನನ್ನ ಮುಖ ನೋಡಿದರು. ಮಗನಿಗೆ ಕೊಡುವ ಹಾಗೆ ಕೊಟ್ಟಿದ್ದೆ. ಕೈಗೆ ಅದೊಂದೇ ಗೊತ್ತಿತ್ತು.

ಬಿಣಗಾ ದಾಟಿ ಸುರಂಗದಿಂದ ಹೊರಬಿದ್ದರೆ ಎಡಗಡೆ ಸಮುದ್ರ. ಊಟ ಮುಗಿಸಿ ಲಾಡ್ಜಿಗೆ ಹೋದರೆ, ಫೋನಿನಲ್ಲಿ ಸಮುದ್ರದ ಕಡೆಯ ಕೋಣೆ ಎಂದವರು ಹಿಂಬದಿಯ ಕೋಣೆಯ ಕೀಲಿ ಕೊಟ್ಟರು. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ. ಹಣ ಪೂರ್ತಿ ಮುಂಗಡ ಕೊಟ್ಟುಬಿಟ್ಟಿದ್ದೆವು, ಅದೇ ತಪ್ಪು. ಇವರು ಸಿಟ್ಟು ಮಾಡದೆ ಕೌಂಟರಿನ ಎದುರು ಅರ್ಧ ತಾಸು ನಿಂತದ್ದಕ್ಕೆ ಮರುದಿನ ಬೆಳಗ್ಗೆ ಕೋಣೆ ಬದಲಾಯಿತು. ಹೋಗುವವರು ಮುಂಗಡ ಸ್ವಲ್ಪವೇ ಕೊಡಿ. ಕೋಣೆ ಎಷ್ಟನೇ ಮಹಡಿ, ಕಿಟಕಿ ಯಾವ ದಿಕ್ಕಿಗೆ ಎಂಬುದನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.

ಮೊದಲ ದಿನ ಚೆನ್ನಾಗಿ ಹೋಗಲಿಲ್ಲ ಎಂದೇ ಹೇಳಬೇಕು. ಸಂಜೆ ಏಳೂವರೆಗೆ ವಿಡಿಯೋ ಕಾಲ್ ಮಾಡಿದೆವು. ಅಲ್ಲಿಯವರೆಗೆ ಆಡಿಕೊಂಡಿದ್ದ ಮಗಳು ನಮ್ಮ ಮುಖ ಕಂಡದ್ದೇ ಅಳಲು ಶುರು ಮಾಡಿದಳು. ಅವಳನ್ನು ನೋಡಿ ತಮ್ಮನೂ ಅತ್ತ. ಹನ್ನೊಂದರವರೆಗೆ ನಾನು ಮಂಚದ ತುದಿಯಲ್ಲೇ ಕೂತಿದ್ದೆ. ಕಡೆಗೆ ಅತ್ತೆಯೇ ಫೋನ್ ಮಾಡಿ, ಇಬ್ಬರೂ ಆಗಲೇ ಮಲಗಿದ್ದಾರೆ, ಇನ್ನು ಸಂಜೆ ಹೊತ್ತು ಮುಖ ತೋರಿಸಬೇಡಿ ಎಂದರು. ಅವರು ಹೇಳಿದ್ದು ಸರಿ. ಮಕ್ಕಳಿಗೆ ಮನೆಯವರ ನೆನಪು ಕಾಡುವುದು ಕತ್ತಲಾದ ಮೇಲೆ. ಮರುದಿನ ಬೆಳಗ್ಗೆ ಶಾಲೆಗೆ ಹೊರಡುವ ಮೊದಲು, ಮುಖ ತೋರಿಸದೆ, ಮಾತು ಮಾತ್ರ ಆಡಿದೆವು. ಇಬ್ಬರೂ ನಗುತ್ತ ಹೋದರು.

ಬುಧವಾರ ಸೂರ್ಯ ಹುಟ್ಟುವ ಮೊದಲೇ ಟಾಗೋರ್ ಕಡಲತೀರಕ್ಕೆ ಇಳಿದೆವು. ಮೀನುಗಾರರು ರಂಪಣಿ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಬಲೆಯನ್ನು ಕಮಾನಿನ ಹಾಗೆ ನೀರಿಗೆ ಬಿಟ್ಟು ಬರುತ್ತಾರೆ. ಆಮೇಲೆ ಎರಡೂ ತುದಿಯ ಹಗ್ಗವನ್ನು ಎರಡು ಸಾಲಿನ ಜನ ದಡದಿಂದ ಎಳೆಯುತ್ತಾರೆ. ಇವರು ನೋಡುತ್ತ ನಿಂತವರು ಪ್ಯಾಂಟು ಮಡಚಿ ಸಾಲಿನ ತುದಿಗೆ ಹೋಗಿ ಹಗ್ಗ ಹಿಡಿದರು. ನಾವು ಮೀನು ತಿನ್ನುವವರಲ್ಲ. ಆದರೆ ಹಗ್ಗ ಇವರಿಗೆ ಹೊಸದಲ್ಲ. ಮರದ ಮೇಲಿಂದ ಕೊನೆ ಇಳಿಸುವಾಗ ಕೆಳಗೆ ನಿಂತು ಹಗ್ಗ ಹಿಡಿಯುವವರು ಇವರೇ. ಹಿಮ್ಮಡಿ ಉಸುಕಿಗೆ ಊರಿ, ಬೆನ್ನು ಹಿಂದಕ್ಕೆ ಬಾಗಿಸಿ, ಮುಂದಿನವರ ಹೆಜ್ಜೆಗೆ ಹೆಜ್ಜೆ ಹಾಕಿ ಎಳೆದರು. ಕೊಂಕಣಿಯಲ್ಲಿ ಯಾರೋ ಏನೋ ಅಂದರು, ಎಲ್ಲರೂ ನಕ್ಕರು, ಅರ್ಥವಾಗದೆ ಇವರೂ ನಕ್ಕರು. ನಾನು ಒದ್ದೆ ಉಸುಕಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಅರ್ಧ ತಾಸು ಇವರನ್ನೇ ನೋಡಿದೆ. ಅಷ್ಟು ಹೊತ್ತು ಇವರನ್ನು ನೋಡಿ ಎಷ್ಟು ವರ್ಷವಾಗಿತ್ತೋ.

ತಿಂಡಿಗೆ ಬನ್ಸ್ ಭಾಜಿ. ಬನ್ಸ್ ಎಣ್ಣೆಯಿಂದ ತೆಗೆದ ಹಾಗೇ ಬಂತು, ಮುರಿದರೆ ಹಬೆ, ಬಾಳೆಹಣ್ಣಿನ ಪರಿಮಳ. ನನ್ನ ತಟ್ಟೆಯದನ್ನು ಯಾರಿಗೂ ತುಂಡು ಮಾಡಿ ಆರಿಸಿ ಕೊಡುವುದಿರಲಿಲ್ಲ. ಬಿಸಿ ಇರುವಾಗಲೇ ತಿಂದೆ, ಇನ್ನೊಂದು ಪ್ಲೇಟ್ ತರಿಸಿಕೊಂಡೆ. ಮಧ್ಯಾಹ್ನದ ಊಟಕ್ಕೂ ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ. ಕಾಯಿಹಾಲು ಹಾಕಿದ ಸೋಲ್ ಕಡಿ ಮಾತ್ರ ಬಿಡಬೇಡಿ, ನಮ್ಮ ಮುರುಗಲು (ಕೋಕಂ) ಹಣ್ಣಿನದೇ, ರುಚಿ ಬೇರೆ.

ತೀರದಲ್ಲೇ ಐಎನ್ಎಸ್ ಚಾಪಲ್ ಯುದ್ಧನೌಕೆಯ ಮ್ಯೂಸಿಯಂ ಇದೆ. ಬೇಕೆಂದೇ ಒಳಗೆ ಹೋಗಲಿಲ್ಲ. ಅದು ಮಕ್ಕಳ ಪಾಲಿನದು, ಅವರೊಟ್ಟಿಗೇ ನೋಡಬೇಕು. ಅವರಿಗೆ ಇಷ್ಟವಾಗುವುದನ್ನೆಲ್ಲ ಹೀಗೆ ಬದಿಗಿಟ್ಟ ಮೇಲೆ ನಮಗೆ ಉಳಿದದ್ದು ನಡೆಯುವುದು, ಕೂರುವುದು, ನಿದ್ದೆ. ಮಧ್ಯಾಹ್ನ ಎರಡು ತಾಸು ಬಾಗಿಲು ಹಾಕಿ ಮಲಗಿದೆವು. ಪ್ರವಾಸಕ್ಕೆ ಬಂದು ಮಲಗುವುದೇ ಎಂದು ಯಾರಾದರೂ ಕೇಳಿದರೆ, ಹೌದು, ಅದಕ್ಕೂ ಬಂದದ್ದು.

ಊಟಕ್ಕೆ ಮೊದಲು ಕಾಳಿ ನದಿ ದಾಟಿ ಸದಾಶಿವಗಡದ ಕೋಟೆಗುಡ್ಡಕ್ಕೆ ಹೋಗಿದ್ದೆವು. 2024ರ ಆಗಸ್ಟ್‌ನಲ್ಲಿ ಕುಸಿದ ಹಳೆಯ ಸೇತುವೆ ಆಗ ಪಕ್ಕದಲ್ಲಿ ಕಾಣುತ್ತಿತ್ತು, ಗಾಡಿಗಳೆಲ್ಲ ಹೊಸ ಸೇತುವೆಯ ಮೇಲೆ ಹೋಗುತ್ತಿದ್ದವು. ಗುಡ್ಡದ ಮೇಲಿಂದ ನದಿ ಸಮುದ್ರ ಸೇರುವುದು ಕಾಣುತ್ತದೆ. ಅಲ್ಲಿ ಕೂತು ನಾನು ಮಗಳ ಗಣಿತದ ವಿಷಯ ತೆಗೆದೆ. ಇವರು, "ಮಕ್ಕ ಬಿಟ್ಟು ಬೇರೆ ಎಂತಾದ್ರೂ ಮಾತಾಡನ" ಅಂದರು. ಆಯಿತು ಅಂದೆ. ಆಮೇಲೆ ಇಬ್ಬರಿಗೂ ಏನೂ ಹೊಳೆಯಲಿಲ್ಲ. ಹತ್ತು ನಿಮಿಷ ಸುಮ್ಮನೆ ಕೂತೆವು, ಕೆಳಗೆ ದೋಣಿಯೊಂದು ಅಳಿವೆ ದಾಟುವವರೆಗೂ. ಆ ಮೌನವನ್ನು ಮುರಿಯದೆ ಬಿಟ್ಟದ್ದು ಒಳ್ಳೆಯದಾಯಿತು. ಕಡೆಗೆ ಇವರೇ, ಮದುವೆಯಾದ ವರ್ಷ ಯಕ್ಷಗಾನದ ಆಟಕ್ಕೆ ಹೋಗಿ ಬೆಳಗಿನ ಜಾವ ನಾನು ಇವರ ಹೆಗಲ ಮೇಲೆ ನಿದ್ದೆ ಹೋದದ್ದನ್ನು ತೆಗೆದರು. ಅಲ್ಲಿಂದ ಮಾತು ಹರಿಯಿತು. ತೋಟದ ಸಾಲದ ಬಗ್ಗೆ ಇವರು ಒಬ್ಬರೇ ಹೊತ್ತುಕೊಂಡಿದ್ದ ಚಿಂತೆಯೂ ಅಲ್ಲೇ ಹೊರಗೆ ಬಂತು. ಎರಡು ವರ್ಷದಿಂದ ನನಗೆ ಹೇಳಿರಲಿಲ್ಲ.

ರವೀಂದ್ರನಾಥ ಟಾಗೋರರು 1883ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಉಳಿದಿದ್ದರು. ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿಯ ಮೇಲೆ ಹೋಗಿ, ಮರಳುವಾಗ ದೋಣಿ ಬಿಟ್ಟು ಉಸುಕಿನ ಮೇಲೆ ನಡೆದೇ ಮನೆ ಸೇರಿದ್ದನ್ನು ಅವರೇ ಬರೆದಿದ್ದಾರೆ. ಇಲ್ಲಿಂದ ಹೋದ ಮೇಲೆ ಅದೇ ವರ್ಷ ಅವರ ಮದುವೆ. ನಾನು ಹುಣ್ಣಿಮೆಯ ಹಟ ಹಿಡಿದದ್ದು ಇದನ್ನು ಓದಿಯೇ.

ಕಾರವಾರದ ಹುಣ್ಣಿಮೆಯಲ್ಲಿ ಸೂರ್ಯ ಎದುರಿಗೆ ಸಮುದ್ರದಲ್ಲಿ ಇಳಿಯುತ್ತಾನೆ, ಚಂದ್ರ ಬೆನ್ನ ಹಿಂದೆ ಸಹ್ಯಾದ್ರಿಯ ಮೇಲೆ ಏರುತ್ತಾನೆ. ಎಲ್ಲರೂ ಸೂರ್ಯ ಮುಳುಗಿದ್ದೇ ಎದ್ದು ಹೋಗುತ್ತಾರೆ. ಎದ್ದು ಹೋಗಬೇಡಿ, ತಿರುಗಿ ಕೂರಿ. ಸಂಜೆ ಇಳಿತದ ಹೊತ್ತು, ಉಸುಕು ಅಗಲವಾಗಿ ಬಿದ್ದಿರುತ್ತದೆ. ರಾತ್ರಿ ಏರುತ್ತ ಭರತ, ಅಂದರೆ ಉಬ್ಬರ, ಬರುತ್ತದೆ. ನಾವು ಊಟ ಮಾಡಿ ಮತ್ತೆ ಬಂದಾಗ ಸಂಜೆ ಕೂತಿದ್ದ ಜಾಗದ ಮೇಲೆ ನೀರಿತ್ತು. ಇವರು ಮೆಲ್ಲಗೆ ಯಕ್ಷಗಾನದ ಪದ್ಯವೊಂದನ್ನು ಎತ್ತಿಕೊಂಡರು. ಮೊದಲ ಸಾಲಿಗೆ ಗಂಟಲು ಕಟ್ಟಿತು, ಎರಡನೇ ಸಾಲಿಗೆ ತೆರೆಯಿತು. ಮಕ್ಕಳಾದ ಮೇಲೆ ಇವರು ಹಾಡಿದ್ದನ್ನು ನಾನು ಕೇಳಿರಲಿಲ್ಲ.

ಕೋಣೆ, ಪೆಟ್ರೋಲು, ಊಟ ಎಲ್ಲ ಸೇರಿ ಎಂಟೂವರೆ ಸಾವಿರ ರೂಪಾಯಿ ಖರ್ಚಾಯಿತು. ಗುರುವಾರ ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಮನೆಯಲ್ಲಿದ್ದೆವು. ಮಗ ನನ್ನ ಚೀಲದಲ್ಲಿದ್ದ ಕಪ್ಪೆಚಿಪ್ಪು ಎಣಿಸಿ, ಅಕ್ಕನಿಗಿಂತ ಒಂದು ಹೆಚ್ಚು ತೆಗೆದುಕೊಂಡು ಆಡಲು ಓಡಿದ. ಅತ್ತೆ ಏನೂ ಕೇಳಲಿಲ್ಲ. ರಾತ್ರಿ ಪಾತ್ರೆ ತೊಳೆದು ಬಂದಾಗ ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಎತ್ತಿ ಹಿಡಿದು ನಿಂತಿದ್ದರು. ಮುಂದಿನ ಸಲ ಕೊಯ್ಲು ಶುರುವಾಗುವ ಮೊದಲೇ ಹೋಗಿಬನ್ನಿ ಅಂದರು. ಆ ವರ್ಷ ಕಾರ್ತಿಕ ಹುಣ್ಣಿಮೆ ನವೆಂಬರ್ 5ಕ್ಕೆ ಬರುವುದಿತ್ತು. ಅದೂ ಬುಧವಾರವೇ.